ನೀರುಗಂಟಿಯ ಮೊಮ್ಮಗ

ರಾತ್ರಿ ಹತ್ತಕ್ಕೆ ಆಲೂರು ಕಡೆಯ ಹಳದಿ ಕಲ್ಲಿನಿಂದ ಶುರು,
ಹಾಸನದ ದೀಪ ಮಂಕಾಗುವವರೆಗೆ ನಡಿಗೆ.
ಕೈಯಲ್ಲಿ ಟಾರ್ಚು, ಕೋಲು, ಕೊರಳಿಗೊಂದು ಯಂತ್ರ.
ಎಲ್ಲಿ ನಿಂತೆ, ಎಷ್ಟು ಹೊತ್ತು ನಿಂತೆ,
ಉಚ್ಚೆ ಹೊಯ್ಯಲು ಬೇಲಿಯಾಚೆ ಹೋದದ್ದನ್ನೂ
ಅದು ಆಫೀಸಿಗೆ ಹೇಳುತ್ತದೆ.

ಕಾಲಡಿ ಆಳೆತ್ತರದ ಮಣ್ಣು, ಮಣ್ಣಿನಡಿ ಕೊಳವೆ,
ಕೊಳವೆಯೊಳಗೆ ಡೀಸೆಲ್ಲು.
ಘಾಟಿ ಹತ್ತಿ ಬಂದದ್ದು,
ಅದಕ್ಕೂ ಮೊದಲು ಹಡಗು ಹತ್ತಿ ಬಂದದ್ದು,
ಅದಕ್ಕೂ ಮೊದಲು
ಯಾರದೋ ಮರಳಿನಡಿ ಹೆಸರಿಲ್ಲದೆ ಮಲಗಿದ್ದದ್ದು.
ಮೇಲೆ ಪುಟ್ಟಮಾದಮ್ಮನ ಶುಂಠಿ.
ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ.
‘ನನ್ ಹೊಲ್ದಲ್ಲೇ ನನ್ನ ಹೂಳಂಗಿಲ್ವಂತಲ್ಲೋ’
ಅಂತ ನಗುತ್ತಾಳೆ.

ಈ ತಿಂಗಳು ನೆಲದ ಗುನುಗು ತಪ್ಪಿದೆ.
ಕೇಳಿಸಲು ಸಾಧ್ಯವೇ ಇಲ್ಲ ಅನ್ನುತ್ತಾರೆ ಎಂಜಿನಿಯರು.
ವಾಲ್ವಿನ ಬೇಲಿ ಕಾಯುವ ಇಮ್ತಿಯಾಜ್ ಬೀಡಿ ಹಚ್ಚುವ ಹಾಗಿಲ್ಲ,
ಸುಮ್ಮನೆ ಬಾಯಲ್ಲಿಟ್ಟುಕೊಂಡು ಹೇಳುತ್ತಾನೆ:
ಎಲ್ಲೋ ಉದ್ದನೆಯ ಮೇಜಂತೆ, ಹೂದಾನಿಯಂತೆ,
ಯಾವುದೋ ದೊರೆಯ ಜಗಳಕ್ಕೆ
ಯಾವುದೋ ದೇಶ ಹೂಂ ಅನ್ನಲಿಲ್ಲವಂತೆ.
ನಲ್ಲಿ ಒಂದು ಸುತ್ತು ತಿರುಗಿತು.
ಒಂದೇ ಸುತ್ತು.
ಕಾರಣ ಕೇಳಿದರೆ, ಬಾವಿ ರಿಪೇರಿ.

ರಿಪೇರಿ ಅಂದದ್ದೇ ತಾತ ನೆನಪಾದ.

ತಾತ ದ್ಯಾವಯ್ಯ, ಕೆಂಚೇನಹಳ್ಳಿ ಕೆರೆಯ ನೀರುಗಂಟಿ.
ತೂಬಿನ ಕೀಲಿ ಅವನ ಸೊಂಟದಲ್ಲಿ,
ಅಪ್ಪಣೆ ಜಗಲಿಯ ಮೇಲೆ.
ಪಟೇಲರು ಒಮ್ಮೆಯೂ ಮುಚ್ಚು ಅಂದವರಲ್ಲ.
ಸೊಸೈಟಿ ಎಲೆಕ್ಷನ್ನಿನ ಮಾರನೆ ದಿನ, ಅಡಿಕೆ ಅಗಿಯುತ್ತಾ,
‘ಹಲಗೆ ಸಡಿಲ ಆದಂಗದೆ, ನೋಡ್ಲಾ ದ್ಯಾವ’ ಅಷ್ಟೇ.
ಕೆಳಗದ್ದೆ ಬಿರುಕು ಬಿಡಲು ಮೂರು ದಿನ.
ನಾಲ್ಕನೇ ದಿನ ಕೆಳಗದ್ದೆಯವರು
ಅವರೆಕಾಯಿ ಬುಟ್ಟಿ ಹೊತ್ತು ಬಂದರು.
ಹಲಗೆ ತಾನೇ ಸರಿಹೋಯಿತು.

ಒಂದು ಸಲ ಮಾತ್ರ ತಾತ ತಾನೇ ರಿಪೇರಿಗೆ ಇಳಿದ.
ಅಜ್ಜಿ ಸತ್ತ ರಾತ್ರಿ.
ನಾಟಿ ಮುಗಿದ ಬದುವಿನ ಮೇಲೆ
ಹೊಲಗೇರಿಯ ಹೆಣ ಹಾಯಬಾರದು ಅಂದಿದ್ದರು.
ತಾತ ಎದುರಾಡಲಿಲ್ಲ. ಕಂಬಳಿ ಕೊಡವಿ ಏರಿಗೆ ಹೋದ.
ಮೂರನೇ ಬೆಳಗ್ಗೆ ಬದು ಬಿಟ್ಟರು,
ಹೆಣ ಅಷ್ಟರಲ್ಲಿ ಊದಿಕೊಂಡಿತ್ತು.
ಆ ವಾರವೇ ಕೀಲಿ ಬೇರೆ ಸೊಂಟಕ್ಕೆ ಹೋಯಿತು.

ಗೆದ್ದೆಯಲ್ಲಾ ತಾತ, ಅಂದಿದ್ದೆ ಚಿಕ್ಕವನಿದ್ದಾಗ.
‘ಗೆದ್ದೆ ಕಣ್ ಮಗ. ಒಣಗಿದ್ ಪೈರು ಪಟೇಲ್ರದ್ದು.
ನೆಟ್ಟಿದ್ದು ನಿನ್ ಅಜ್ಜಿ.’

ಬಿ.ಎಂ. ರಸ್ತೆಯ ಬಂಕಿನ ಮುಂದೆ ಈಗ
ಕ್ಯಾನುಗಳ ಸಾಲು, ಚಪ್ಪಲಿಗಳ ಸಾಲು,
ಚಪ್ಪಲಿಯ ಒಡೆಯರು ನೆರಳಲ್ಲಿ.
ಜಲಂಧರಿನ ಬಿತ್ತನೆ ಆಲೂಗಡ್ಡೆ
ಯಾವುದೋ ಹೆದ್ದಾರಿಯ ಪಕ್ಕ ಲಾರಿಯೊಳಗೇ ಕಣ್ಣು ಬಿಟ್ಟು
ಬೆಳ್ಳಗೆ ಮೊಳೆಯುತ್ತಿದೆಯಂತೆ.
ಉದ್ದನೆಯ ಮೇಜಿನ ದೊರೆ
ಇದನ್ನೆಲ್ಲ ನೋಡಿಲ್ಲ. ನೋಡಬೇಕಾಗಿಲ್ಲ.
ಅವನಿಗೆ ಹಾಸನ ಎಂಬುದಿಲ್ಲ,
ಹೂಂ ಅನ್ನದ ದೇಶವೊಂದಿದೆ.
ಆ ಮರಳುಗಾಡಿನಲ್ಲೂ ಒಬ್ಬ ಇರಬೇಕು,
ಕೀಲಿ ಸೊಂಟದಲ್ಲಿ, ಅಪ್ಪಣೆ ಇನ್ನೆಲ್ಲೋ.
ಅವನ ಮನೆಯಲ್ಲಿ ಯಾರು ಸತ್ತರೋ.

ಇವತ್ತು ಬೆಳಗಿನ ಜಾವ
ಹಳ್ಳದ ದಂಡೆಯಲ್ಲಿ ಪುಟ್ಟಮಾದಮ್ಮನ ಎಂಜಿನ್ನು
ಗೋಣಿಚೀಲ ಹೊದ್ದು ಮಲಗಿತ್ತು.
ಅವಳ ಕಾಲಡಿ ಅಷ್ಟೊಂದು ಡೀಸೆಲ್ಲು,
ಎಂಜಿನ್ನಿಗೆ ಒಂದು ಲೋಟವಿಲ್ಲ.
ಕೊಡದಲ್ಲಿ ಹೊತ್ತು ಹಾಕುತ್ತಿದ್ದಳು, ಸಾಲಿಗೊಂದು ಕೊಡ.
ನಾನೂ ಒಂದು ಕೊಡ ತೆಗೆದುಕೊಂಡೆ.

ಏಳು ಗಂಟೆಗೆ ಫೋನು.
‘ನಲವತ್ತು ನಿಮಿಷ ಒಂದೇ ಕಡೆ ಯಾಕೆ ನಿಂತಿದ್ದಿ?’

ತೂಬು ರಿಪೇರಿ ಸಾರ್, ಅಂದೆ.